ಶಾಲೆಯ ಅಂಗಳಕ್ಕೆ ಕಲೆ ಬರಲಿ

ಮಕ್ಕಳ ವಿದ್ಯಾಭ್ಯಾಸದ ವಿಚಾರವಾಗಿ ಗೃಹಸ್ಥರೊಳಗೆ ಮಾತು ನಡೆದಾಗಲೆಲ್ಲ ಅಂಕ, ಶುಲ್ಕ, ಮನೆಪಾಠ ಈ ಮೂರೂ ತಪ್ಪದೆ ಬರುತ್ತವೆ. ಮಗುವು ಈ ವರುಷ ಒಂದು ಒಳ್ಳೆಯ ನಾಟಕವನ್ನು ಕಂಡಿತೆ, ಒಬ್ಬ ವಿದ್ವಾಂಸರ ಗಾಯನವನ್ನು ಎದುರಿಗೆ ಕುಳಿತು ಕೇಳಿತೆ, ಚಿತ್ರಕಾರನೊಬ್ಬನ ಕೈ ಕೆಲಸ ಮಾಡುವುದನ್ನು ನೋಡಿತೆ ಎಂದು ವಿಚಾರಿಸುವವರು ವಿರಳ. ಈ ವಿಷಯದಲ್ಲಿ ನಮ್ಮ ವಾಚಕರೊಡನೆ ನಾಲ್ಕು ಮಾತುಗಳನ್ನಾಡುವುದು ಉಚಿತವೆಂದು ನಮಗೆ ತೋರಿದೆ.

ಎಲ್ಲವೂ ಈಗ ಮೊಬೈಲಿನಲ್ಲಿಯೇ ದೊರೆಯುವಾಗ ಕಲಾವಿದರನ್ನು ಶಾಲೆಗೆ ಕರೆತರುವ ಶ್ರಮವೇಕೆ ಎಂದು ಕೆಲವರು ಕೇಳಬಹುದು. ತೊಗಲುಗೊಂಬೆಯಾಟವನ್ನೇ ನೋಡೋಣ. ಹದಮಾಡಿದ ತೆಳು ತೊಗಲಿನಲ್ಲಿ ರೂಪವನ್ನು ಕತ್ತರಿಸಿ, ಸಣ್ಣ ಸಣ್ಣ ರಂಧ್ರಗಳನ್ನು ಕೊರೆದು, ಬಣ್ಣವಿಟ್ಟ ಗೊಂಬೆಯು ಪರದೆಯ ಹಿಂದಿನ ಬೆಳಕಿನಿಂದ ಜೀವ ತಳೆಯುತ್ತದೆ. ಆಟ ಮುಗಿದ ಬಳಿಕ ಮಗುವು ಪರದೆಯ ಹಿಂದಕ್ಕೆ ಹೋಗಿ ಆ ಗೊಂಬೆಯನ್ನು ಮುಟ್ಟಿ ನೋಡಬಲ್ಲದು. ಅಷ್ಟು ಹೊತ್ತು ಹಾಡುತ್ತ ಮಾತನಾಡುತ್ತ ಅದನ್ನು ಆಡಿಸಿದ ಕೈ ಯಾವುದೆಂದು ತಿಳಿಯಬಲ್ಲದು. ಈ ಅನುಭವವು ಮೊಬೈಲಿನಲ್ಲಿ ದೊರೆಯುವಂಥದಲ್ಲ. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ ಈ ಕಲೆಗಾಗಿಯೇ 2025ರಲ್ಲಿ ಪದ್ಮಶ್ರೀ ಪ್ರಶಸ್ತಿ ಬಂದಿತು. ಆ ಹೆಸರನ್ನು ನಮ್ಮ ಮಕ್ಕಳು ಸಾಮಾನ್ಯಜ್ಞಾನದ ಪ್ರಶ್ನೆಗೆ ಉತ್ತರವೆಂದು ಕಂಠಪಾಠ ಮಾಡಿಯಾರು. ಆದರೆ ಅವರಲ್ಲಿ ತೊಗಲುಗೊಂಬೆಯಾಟವನ್ನು ಕಣ್ಣಾರೆ ಕಂಡವರೆಷ್ಟು ಮಂದಿ? ನೋಡುವವರಿಲ್ಲದ ಆಟವು ಪ್ರಶಸ್ತಿಯೊಂದರಿಂದಲೇ ಬಹುಕಾಲ ಬಾಳಲಾರದು.

ಊರೂರಿಗೆ ಕಲೆಯನ್ನು ಕೊಂಡೊಯ್ಯುವುದು ಅಸಾಧ್ಯವೇನಲ್ಲವೆಂಬುದಕ್ಕೆ ನಮ್ಮ ನಾಡಿನಲ್ಲಿಯೇ ನಿದರ್ಶನವಿದೆ. ಸಾಗರ ತಾಲ್ಲೂಕಿನ ಹೆಗ್ಗೋಡು ಚಿಕ್ಕದೊಂದು ಹಳ್ಳಿ. ಅಲ್ಲಿ 1949ರಲ್ಲಿ ಹುಟ್ಟಿದ ನೀನಾಸಮ್ ಸಂಸ್ಥೆಯು ಕೆ. ವಿ. ಸುಬ್ಬಣ್ಣನವರ ಮುಂದಾಳುತನದಲ್ಲಿ ಬೆಳೆದು, 1980ರಲ್ಲಿ ರಂಗಶಿಕ್ಷಣ ಕೇಂದ್ರವನ್ನು ತೆರೆಯಿತು. 1985ರಲ್ಲಿ ‘ತಿರುಗಾಟ’ವನ್ನು ಆರಂಭಿಸಿತು. ನಟರು ರಂಗಸಜ್ಜಿಕೆ ದೀಪಗಳೊಡನೆ ತಾವೇ ಊರಿಂದೂರಿಗೆ ಹೊರಟರು. ನಾಟಕವನ್ನು ನೋಡಲು ಪಟ್ಟಣಕ್ಕೆ ಹೋಗಲಾರದವರ ಬಾಗಿಲಿಗೆ ನಾಟಕವೇ ಬಂದಿತು. ಸಂಗೀತ ನೃತ್ಯಗಳ ವಿಷಯದಲ್ಲಿ ದೆಹಲಿಯ ಐ.ಐ.ಟಿ.ಯ ಪ್ರಾಧ್ಯಾಪಕ ಕಿರಣ್ ಸೇಠ್ ಅವರು 1977ರಲ್ಲಿ ಸ್ಥಾಪಿಸಿದ ಸ್ಪಿಕ್ ಮೆಕೆಯು ಇಂಥದೇ ಮಾರ್ಗವನ್ನು ಹಿಡಿಯಿತು. ಹೆಸರಾಂತ ವಿದ್ವಾಂಸರು ಶಾಲೆ ಕಾಲೇಜುಗಳಿಗೇ ಬಂದು ಹಾಡಿ, ನುಡಿಸಿ, ತಮ್ಮ ಕಲೆಯ ಮರ್ಮವನ್ನು ವಿದ್ಯಾರ್ಥಿಗಳಿಗೆ ಬಿಡಿಸಿ ಹೇಳುವುದು ಅದರ ಪದ್ಧತಿ. ವಿದ್ಯಾರ್ಥಿಗಳು ಇದಕ್ಕೆ ಹಣ ತೆರಬೇಕಾಗಿಲ್ಲ.

ಚಿತ್ರಕಲಾ ಪ್ರದರ್ಶನಕ್ಕೂ ದೊಡ್ಡ ಸಂಗ್ರಹಾಲಯವೇ ಬೇಕೆಂದಿಲ್ಲ. ಮಲೆನಾಡಿನ ದೀವರ ಹೆಣ್ಣುಮಕ್ಕಳು ಬರೆಯುವ ಚಿತ್ತಾರವನ್ನು ವಾಚಕರಲ್ಲಿ ಅನೇಕರು ಕಂಡಿರಬಹುದು. ಕೆಮ್ಮಣ್ಣು ಬಳಿದ ಗೋಡೆಯೇ ಅದರ ಹಲಗೆ. ಅಕ್ಕಿಯಿಂದ ಬಿಳಿ, ಸುಟ್ಟ ಅಕ್ಕಿಯಿಂದ ಕಪ್ಪು, ಗುರಿಗೆಕಾಯಿಯಿಂದ ಹಳದಿ; ಪುಂಡಿಯ ನಾರೇ ಕುಂಚ. ಭೂಮಿ ಹುಣ್ಣಿಮೆಯ ಬುಟ್ಟಿಯ ಮೇಲೆಯೂ ಇದೇ ಚಿತ್ತಾರ. ಇಂಥ ಹತ್ತು ಚಿತ್ರಗಳನ್ನು ಶಾಲೆಯ ಒಂದು ಕೊಠಡಿಯಲ್ಲಿ ಮಕ್ಕಳ ಕಣ್ಣಿನ ಎತ್ತರಕ್ಕೆ ತೂಗುಹಾಕಿ, ಬರೆದಾಕೆಯನ್ನು ಒಂದು ದಿನದ ಮಟ್ಟಿಗೆ ಅತಿಥಿಯಾಗಿ ಕರೆದರೆ ಸಾಕು, ಪ್ರದರ್ಶನವಾಯಿತು. ತನ್ನ ಅಜ್ಜಿಯ ಗೋಡೆಯ ಮೇಲಿದ್ದ ಗೆರೆಗಳನ್ನು ಗುರುಗಳು ನಿಂತು ಆದರದಿಂದ ನೋಡುವುದನ್ನು ಕಂಡ ಮಗುವಿಗೆ ತನ್ನ ಮನೆಯ ವಿಷಯದಲ್ಲಿ ಎಂಥ ಅಭಿಮಾನವುಂಟಾಗುವುದೆಂಬುದನ್ನು ನಾವು ವಿವರಿಸಬೇಕಾಗಿಲ್ಲ.

ಆದರೆ ಕಲಾವಿದರನ್ನು ಕರೆಯಿಸಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಸಾವಿರ ಮಕ್ಕಳನ್ನು ಬಿಸಿಲಿನಲ್ಲಿ ಕುಳ್ಳಿರಿಸಿ, ಮುಕ್ಕಾಲು ಗಂಟೆ ಹಾರತುರಾಯಿ ಭಾಷಣಗಳಲ್ಲಿ ಕಳೆದು, ಉಳಿದ ಕಾಲು ಗಂಟೆಯಲ್ಲಿ ಆಟವನ್ನು ಮುಗಿಸಿರೆಂದರೆ ಮಕ್ಕಳು ಕಲಿಯುವುದು ಆಕಳಿಕೆಯನ್ನು ಮಾತ್ರ. ಕೊನೆಯ ಸಾಲಿನಲ್ಲಿರುವ ಮಗುವಿಗೂ ಕಲಾವಿದನ ಮುಖ ಕಾಣುವಷ್ಟೇ ಜನರಿರಲಿ. ಹಿಂದಿನ ದಿನ ಉಪಾಧ್ಯಾಯರು ಕಥೆಯನ್ನೋ ವಾದ್ಯದ ಪರಿಚಯವನ್ನೋ ಸಂಕ್ಷೇಪವಾಗಿ ಹೇಳಿರಲಿ. ಆಟವಾದ ಮೇಲೆ ಪ್ರಶ್ನೆ ಕೇಳಲು ಅವಕಾಶವಿರಲಿ. ಎಷ್ಟೇ ಬಾಲಿಶವಾದ ಪ್ರಶ್ನೆಗೂ ಯಾರೂ ನಗದಿರಲಿ. ‘ಇದರ ಮೇಲೆ ಪ್ರಬಂಧ ಬರೆದು ತನ್ನಿರಿ’ ಎಂಬ ಆಜ್ಞೆಯನ್ನು ಮಾತ್ರ ದಯವಿಟ್ಟು ಕೈಬಿಡಬೇಕು.

‘ಮಕ್ಕಳ ಮುಂದೆ ತಾನೆ, ಸಂಭಾವನೆಯೇಕೆ?’ ಎಂಬ ಮಾತನ್ನು ಕಲಾವಿದರು ಕೇಳಬೇಕಾಗಿ ಬರುವುದು ಶೋಚನೀಯವಾದುದು. ಮಕ್ಕಳ ಮುಂದೆ ಆಡುವುದು ಹೆಚ್ಚು ಕಷ್ಟದ ಕೆಲಸ, ಏಕೆಂದರೆ ಅವರು ಮರ್ಯಾದೆಗಾಗಿ ಚಪ್ಪಾಳೆ ತಟ್ಟುವವರಲ್ಲ. ಕಲೆಗೂ ಕೂಲಿಯುಂಟೆಂಬುದನ್ನು ಎಳೆಯರು ನೋಡಿಯೇ ಕಲಿಯಲಿ.

ಹತ್ತನೆಯ ತರಗತಿಯವರೆಗೆ ಕಲೆಯು ಕಡ್ಡಾಯವಾದ ವಿಷಯವಾಗಬೇಕೆಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹೇಳಿತು. ಆದರೆ ಪರೀಕ್ಷೆ ಹತ್ತಿರವಾದೊಡನೆ ಮೊದಲು ಹೋಗುವುದು ಚಿತ್ರ ಸಂಗೀತಗಳ ಅವಧಿಯೇ. ಇದಕ್ಕೆ ಉಪಾಧ್ಯಾಯರನ್ನು ದೂರಿ ಫಲವಿಲ್ಲ. ತಂದೆತಾಯಿಗಳು ಕೇಳದೆ ಇದ್ದುದನ್ನು ಅವರೊಬ್ಬರೇ ಹೇಗೆ ಉಳಿಸಿಕೊಂಡಾರು? ಉಳ್ಳವರ ಮಕ್ಕಳನ್ನು ಟಿಕೀಟು ಕೊಂಡು ನಾಟಕಶಾಲೆಗೆ ಕರೆದೊಯ್ಯುವವರಿದ್ದಾರೆ. ಇಲ್ಲದವರ ಮಗುವಿಗೆ ಶಾಲೆಯ ಅಂಗಳವೇ ರಂಗಮಂದಿರ, ಶಾಲೆಯ ಗೋಡೆಯೇ ಚಿತ್ರಶಾಲೆ. ಅಲ್ಲಿಯೂ ಕಾಣದಿದ್ದರೆ ಮುಂದೆ ಕಾಣುವ ಸಂಭವ ಕಡಿಮೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ?

ಆದಕಾರಣ ನಮ್ಮ ಸೂಚನೆ ಇಷ್ಟೇ. ಮುಂದಿನ ಪೋಷಕರ ಸಭೆಯಲ್ಲಿ ವಾಚಕರಲ್ಲೊಬ್ಬರು ಎದ್ದುನಿಂತು, ವರುಷಕ್ಕೆ ಒಂದು ಆಟ, ಒಂದು ಕಚೇರಿ, ಒಂದು ಚಿತ್ರಪ್ರದರ್ಶನ ನಮ್ಮ ಶಾಲೆಗೆ ಬರಲೆಂದು ಕೇಳಲಿ. ಅನುಕೂಲವುಳ್ಳ ನಾಲ್ಕು ಮನೆಗಳವರು ಕೈಲಾದ ವಂತಿಗೆಯನ್ನು ಕೂಡಿಸಲಿ. ಕಲಾವಿದರಿಗೆ ಒಂದು ಮನೆಯಲ್ಲಿ ಊಟವಾಗಲಿ. ಆ ದಿನ ಸಾಯಂಕಾಲ ಮಗು ಮನೆಗೆ ಬಂದು ಹೊದಿಕೆಯನ್ನು ಪರದೆಯಾಗಿ ಕಟ್ಟಿ, ದೀಪ ಹಿಡಿಯಲು ಅಜ್ಜಿಯನ್ನು ಕರೆದರೆ, ಓದಿಗೆ ಹೊತ್ತಾಯಿತೆಂದು ಯಾರೂ ಗದರದಿರಲಿ.