ಚೇತರಿಕೆಗೂ ಒಂದು ಲೆಕ್ಕಪುಸ್ತಕ ಬೇಕು

ಮಾರುಕಟ್ಟೆ ತೆರೆದು ಧಾರಣೆ ಹಿಂದಿನ ಮಟ್ಟಕ್ಕೆ ಬಂದ ಕೂಡಲೇ ‘ವ್ಯಾಪಾರ ಚೇತರಿಸಿಕೊಂಡಿತು’ ಎನ್ನುವುದು ವಾಡಿಕೆ. ವರ್ತಕರ ಮಟ್ಟಿಗೆ ಇದು ನಿಜವಿರಬಹುದು. ತುಮಕೂರು, ಗುಬ್ಬಿ, ಕುಣಿಗಲ್ ಕಡೆಯ ಎರಡು ಮೂರು ಎಕರೆ ತೋಟದವರ ಮಟ್ಟಿಗೆ ಈ ಮಾತು ಸಾಲದೆಂದು ನಮ್ಮ ಅಭಿಪ್ರಾಯ.

2020ರ ಮಾರ್ಚ್ 25ರಿಂದ ದೇಶವೆಲ್ಲ ಲಾಕ್‌ಡೌನ್ ಆದುದನ್ನು ನೆನೆಯೋಣ. ಉತ್ತರ ಭಾರತದ ಪಾನ್ ಅಂಗಡಿಗಳು ಮುಚ್ಚಿದವು. ಉತ್ತರ ಪ್ರದೇಶ ಸರ್ಕಾರ ಪಾನ್ ಮಸಾಲೆಯನ್ನೇ ಕೆಲಕಾಲ ನಿಷೇಧಿಸಿತು. ನಮ್ಮ ಅಡಿಕೆಗೆ ಕೊಳ್ಳುವವರು ಇಲ್ಲವಾದರು. ಮುಂದೆ ಧಾರಣೆ ಏರಿತು, ನಿಜ. ಆದರೆ ಏರುವ ಹೊತ್ತಿಗೆ ಮಾಲು ಯಾರ ಕೈಯಲ್ಲಿತ್ತು? ಸಾಲದ ಕಂತು, ಕೂಲಿ, ಮನೆಖರ್ಚಿಗೆಂದು ಸಿಕ್ಕ ಬೆಲೆಗೆ ಮಾರಿಕೊಂಡವನಿಗೆ ಆ ಏರಿಕೆಯಿಂದ ಬಂದದ್ದೇನೂ ಇಲ್ಲ.

ಅಮೆರಿಕದ ಎಂ.ಐ.ಟಿ.ಯ ಪ್ರಾಧ್ಯಾಪಕ ಡೇವಿಡ್ ಸಿಂಚಿ-ಲೆವಿ ಅವರು ಫೋರ್ಡ್ ಮೋಟಾರು ಕಂಪನಿಯಲ್ಲಿ ಬಳಕೆಗೆ ತಂದ ಅಳತೆಯೊಂದು ನಮಗೂ ಒಪ್ಪುತ್ತದೆ. ಬಿಡಿಭಾಗ ಒದಗಿಸುವ ಕಾರ್ಖಾನೆಯೊಂದು ನಿಂತರೆ ಅದು ಮತ್ತೆ ನಡೆಯಲು ಎಷ್ಟು ದಿನ ಬೇಕು? ಅಲ್ಲಿಯವರೆಗೆ ಇರುವ ದಾಸ್ತಾನಿನಲ್ಲಿ ಎಷ್ಟು ದಿನ ತಾಳಬಹುದು? ಮೊದಲನೆಯದು ಮರಳುವ ದಿನ, ಎರಡನೆಯದು ತಾಳುವ ದಿನ. ಎರಡನೆಯದು ಕಡಿಮೆಯಾದಲ್ಲಿ ಪೆಟ್ಟು ಬೀಳುತ್ತದೆ.

ಹಸಿ ಅಡಿಕೆಯನ್ನು ಕೊಯ್ದ ಕೆಲವೇ ದಿನಗಳಲ್ಲಿ ಸುಲಿದು ಬೇಯಿಸಬೇಕು. ಚೇಣಿದಾರ ಬಾರದಿದ್ದರೆ ಬೆಳೆಗಾರ ತಾಳುವ ದಿನ ಬೆರಳೆಣಿಕೆಯಷ್ಟು. ಒಣಗಿದ ಕೆಂಪಡಿಕೆ ಒಳ್ಳೆಯ ಗೋದಾಮಿನಲ್ಲಿ ತಿಂಗಳುಗಟ್ಟಲೆ ಇರುತ್ತದೆ, ಮನೆಖರ್ಚು ಹಾಗೆ ಕಾಯುವುದಿಲ್ಲ. ಮಾರುಕಟ್ಟೆ ಮರಳಲು 45 ದಿನ ಬೇಕು, ಬೆಳೆಗಾರ ತಾಳುವುದು 20 ದಿನ ಎಂದಿಟ್ಟುಕೊಳ್ಳಿ. ನಷ್ಟವೆಲ್ಲ ಉಳಿದ 25 ದಿನಗಳಲ್ಲೇ ಆಗುವುದು.

ಕಾಫಿಗೂ ಇದೇ ಮಾತು. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಶಿರಾಡಿ ಘಾಟಿ ಬಂದಾಯಿತು. 2023ರ ಕೊನೆಯಿಂದ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ನಡೆದು, ಯುರೋಪಿಗೆ ಹೋಗುವ ಸರಕು ಆಫ್ರಿಕಾದ ದಕ್ಷಿಣ ತುದಿಯನ್ನು ಸುತ್ತಿ ಹೋಗಬೇಕಾಯಿತು. ಮಾಲು ತಲುಪಿತೆಂದಷ್ಟೇ ಬರೆದಿಟ್ಟರೆ, ತಡವಾದುದರ ಬೆಲೆ ತೆತ್ತವರು ಯಾರೆಂದು ತಿಳಿಯದು.

ತಾಳುವ ದಿನವನ್ನು ಹೆಚ್ಚಿಸುವುದೇ ಸಹಕಾರದ ಕೆಲಸ. ಅಡಿಕೆ ಧಾರಣೆ ಕುಸಿದ ಕಾಲದಲ್ಲಿ ಕರ್ನಾಟಕ, ಕೇರಳಗಳ ಬೆಳೆಗಾರರು 1973ರಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೊ ಕಟ್ಟಿದ್ದು ಇದಕ್ಕಾಗಿಯೇ. ಗೋದಾಮಿನಲ್ಲಿಟ್ಟ ಮಾಲಿನ ಮೇಲೆ ಅಡಮಾನ ಸಾಲ ಕೊಟ್ಟರೆ ಸದಸ್ಯನಿಗೆ ಆ 25 ದಿನ ದಾಟಲು ಆಸರೆಯಾಗುತ್ತದೆ. ಧಾರಣೆ ಇನ್ನೂ ಇಳಿದರೆ ಸಂಘಕ್ಕೇ ನಷ್ಟವಾದೀತೆಂಬ ಆಕ್ಷೇಪ ನ್ಯಾಯವಾದುದೇ. ಎಷ್ಟು ಮಂದಿಗೆ, ಎಷ್ಟು ದಿನಕ್ಕೆ, ಮಾಲಿನ ಬೆಲೆಯ ಎಷ್ಟು ಭಾಗ ಕೊಡಬಹುದೆಂದು ನಿಶ್ಚಯಿಸಲು ಲೆಕ್ಕ ಬೇಕಾಗಿರುವುದು ಅದಕ್ಕೇ.

ಆದ್ದರಿಂದ ನಮ್ಮ ಸಲಹೆ ಇಷ್ಟು. ಮಾರಾಟಕ್ಕೆ ಅಡ್ಡಿ ಬಂದಾಗಲೆಲ್ಲ ನಾಲ್ಕು ತಾರೀಖು ಬರೆದಿಡಬೇಕು: ಖರೀದಿ ನಿಂತ ದಿನ, ಮತ್ತೆ ಆರಂಭವಾದ ದಿನ, ಆವಕ ಹಿಂದಿನಷ್ಟಾದ ದಿನ, ಬೆಳೆಗಾರನ ಕೈಗೆ ಹಣ ಸೇರಿದ ದಿನ. ಚೇತರಿಕೆ ಪೂರ್ಣವಾಗುವುದು ನಾಲ್ಕನೆಯ ತಾರೀಖಿಗೆ. ನಡುವೆ ಎಷ್ಟು ಮಾಲು ಯಾವ ಧಾರಣೆಗೆ ಹೋಯಿತೆಂಬುದನ್ನೂ ಜೊತೆಗೆ ಬರೆಯಬೇಕು. ಗುಬ್ಬಿ ಇರುವುದು ತುಮಕೂರು–ಶಿವಮೊಗ್ಗ ರಸ್ತೆಯಲ್ಲಿ, ಕುಣಿಗಲ್ ಇರುವುದು ಬೆಂಗಳೂರು–ಮಂಗಳೂರು ಹೆದ್ದಾರಿಯಲ್ಲಿ. ಒಂದು ಕಡೆಯ ಅಡ್ಡಿ ಇನ್ನೊಂದು ಕಡೆ ಇರಬೇಕೆಂದಿಲ್ಲ. ಆದಕಾರಣ ಮೂರು ಕಡೆಗೂ ಪ್ರತ್ಯೇಕ ಪುಸ್ತಕವಿರಲಿ.

ತೋಟಕ್ಕೆ ಬಿದ್ದ ಮಳೆಯನ್ನು ಅಳೆದು ಬರೆದಿಡುವ ಬೆಳೆಗಾರರಿಗೆ ಇದೇನೂ ಕಷ್ಟವಲ್ಲ. ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಸದಸ್ಯ ಬಾಂಧವರು ಈ ವಿಷಯವನ್ನು ಎತ್ತಿ ನಿರ್ಣಯ ಮಾಡಿಸಬೇಕೆಂದು ಕೋರುತ್ತೇವೆ.