ಜಕಣಾಚಾರಿಯ ಕಥೆಯೂ ಮಲ್ಲಿತಮ್ಮನ ಸಹಿಯೂ

ಕೈದಾಳದ ಕಥೆಯನ್ನು ನಮ್ಮ ಜಿಲ್ಲೆಯವರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಕ್ರೀಡಾಪುರದ ಜಕಣಾಚಾರಿ ಬಸುರಿ ಹೆಂಡತಿಯನ್ನು ಬಿಟ್ಟು ದೇಶಾಂತರ ಹೋದ. ಊರೂರಲ್ಲಿ ಗುಡಿ ಕಟ್ಟಿದ. ಬೇಲೂರಿನಲ್ಲಿ ಚೆನ್ನಿಗರಾಯನ ವಿಗ್ರಹ ಮುಗಿಸಿ ನಿಂತಾಗ ಎಲ್ಲಿಂದಲೋ ಬಂದ ಹುಡುಗನೊಬ್ಬ ಕಲ್ಲಿನಲ್ಲಿ ದೋಷವಿದೆ ಎಂದ. ಇದ್ದರೆ ಬಲಗೈ ಕಡಿದುಕೊಳ್ಳುವೆನೆಂದು ಜಕಣ ಪಣ ತೊಟ್ಟ. ಗಂಧ ಬಳಿದರು, ಮೈಯೆಲ್ಲ ಒಣಗಿತು, ಹೊಕ್ಕುಳ ಬಳಿ ಮಾತ್ರ ಒಣಗಲಿಲ್ಲ. ಉಳಿ ಇಟ್ಟರೆ ನೀರು, ಮರಳು, ಕಪ್ಪೆ! ಕೈ ಹೋಯಿತು. ಹುಡುಗ ತನ್ನ ಮಗ ಡಂಕಣನೇ ಎಂದು ತಿಳಿಯಿತು. ಹುಟ್ಟೂರಿನಲ್ಲಿ ಕೇಶವನ ಗುಡಿ ಕಟ್ಟೆಂದು ಅಪ್ಪಣೆಯಾಯಿತು, ಕಟ್ಟಿದ ಮೇಲೆ ಕೈ ಬಂತು, ಊರು ಕೈದಾಳವಾಯಿತು. 1964ರಲ್ಲಿ ಬಿ. ಎಸ್. ರಂಗಾ ಅವರು ಈ ಕಥೆಯನ್ನೇ ಕನ್ನಡದ ಮೊದಲ ಪೂರ್ಣ ವರ್ಣಚಿತ್ರವಾಗಿ ಮಾಡಿದರು.

ಕಥೆ ಸೊಗಸಾಗಿದೆ. ಆದರೆ ಇದು ಸುಮ್ಮನೆ ಹುಟ್ಟಿದ ಕಥೆಯಲ್ಲ, ಒಂದು ರಿಪೇರಿ ಕೆಲಸ ಎಂಬುದು ನಮ್ಮ ಅಭಿಪ್ರಾಯ. ಒಂದೊಂದು ಸಂಗತಿಯೂ ಒಂದೊಂದು ಬಿರುಕಿಗೆ ಹಚ್ಚಿದ ಗಾರೆ. ಬೇಲೂರಿನಲ್ಲಿ ಕಪ್ಪೆ ಚೆನ್ನಿಗರಾಯನೆಂಬ ದೇವರಿದ್ದಾನೆ, ಆ ಹೆಸರಿಗೆ ಕಾರಣ ಬೇಕು. ಕೈದಾಳವೆಂಬ ಹೆಸರಿಗೂ ಬೇಕು. ನಾಡಿನ ತುಂಬ ಒಂದೇ ಅಚ್ಚಿನಂಥ ಗುಡಿಗಳು ನಿಂತಿವೆ, ಕಟ್ಟಿದವರು ಯಾರೆಂದು ಕೇಳುವ ಮಗುವಿಗೆ ಉತ್ತರ ಬೇಕು. ಇಷ್ಟನ್ನೂ ಒಬ್ಬ ಮನುಷ್ಯನ ಬಾಳಿನೊಳಗೆ ಜೋಡಿಸಿದ ಅಜ್ಞಾತ ಕಥೆಗಾರ ಸಾಮಾನ್ಯನಲ್ಲ.

ಇಂಥ ರಿಪೇರಿಯನ್ನು ನಮ್ಮ ಕಾಲದಲ್ಲಿ ಅಂಗಡಿ ತೆರೆದು ಮಾಡಿದವರು ಅಮೆರಿಕದ ಚಿತ್ರಕಥೆಯ ಕಂಪನಿಯವರು. ನಮ್ಮ ಹುಡುಗರು ಬಲ್ಲ ಸೂಪರ್‌ಮ್ಯಾನ್ 1938ರಲ್ಲಿ ಅಚ್ಚಾದವನು. ಆ ಡಿಸಿ ಕಂಪನಿಯ ಇನ್ನೊಬ್ಬ ವೀರ ಫ್ಲ್ಯಾಶ್ 1940ರಲ್ಲಿ ಒಬ್ಬ, 1956ರಲ್ಲಿ ಅದೇ ಹೆಸರಿನ ಬೇರೊಬ್ಬ. ಇಬ್ಬರೂ ಹೇಗೆ ನಿಜ? 1961ರಲ್ಲಿ ಉಪಾಯ ಹೂಡಿದರು: ಭೂಮಿಗಳೇ ಎರಡು, ಒಂದರಲ್ಲಿ ಅವನು, ಇನ್ನೊಂದರಲ್ಲಿ ಇವನು. ಉಪಾಯ ರುಚಿಸಿತು, ಭೂಮಿಗಳು ಹೆಚ್ಚಿದವು; ಯಾವ ಭೂಮಿಯಲ್ಲಿ ಯಾರು ಸತ್ತರು, ಯಾರು ಬದುಕಿದರು ಎಂಬ ಲೆಕ್ಕ ಬರೆಯುವವರಿಗೇ ತಪ್ಪತೊಡಗಿತು. ಕಡೆಗೆ 1985ರಲ್ಲಿ ಮಾರ್ವ್ ವುಲ್ಫ್‌ಮನ್ ಬರೆದು ಜಾರ್ಜ್ ಪೆರೆಜ್ ಚಿತ್ರಿಸಿದ 12 ಸಂಚಿಕೆಗಳ ಒಂದು ಮಹಾಪ್ರಳಯವನ್ನು ತಂದು, ಭೂಮಿಗಳನ್ನೆಲ್ಲ ಅಳಿಸಿ ಒಂದನ್ನೇ ಉಳಿಸಿದರು. ಹೊಲಿಗೆ ಬಹುಕಾಲ ನಿಲ್ಲಲಿಲ್ಲ. 1994ರಲ್ಲಿ ಮತ್ತೊಮ್ಮೆ, 2011ರಲ್ಲಿ ಮಗದೊಮ್ಮೆ ಹೊಲಿಯಬೇಕಾಯಿತು.

ಆ ಪ್ರಳಯದ ಕಥೆಗಿಂತ ನಮಗೆ ಮುಖ್ಯವಾದುದು ಅದರ ಹಿಂದಿನ ಲೆಕ್ಕ. ಸೂಪರ್‌ಮ್ಯಾನನನ್ನು ಕಲ್ಪಿಸಿದ ಜೆರಿ ಸೀಗಲ್, ಜೋ ಶುಸ್ಟರ್ ಎಂಬ ಇಬ್ಬರು ಬಡ ಯುವಕರಿಂದ ಕಂಪನಿ 1938ರಲ್ಲಿ ಸಕಲ ಹಕ್ಕನ್ನೂ ಕೊಂಡದ್ದು 130 ಡಾಲರಿಗೆ. 1947ರಲ್ಲಿ ಅವರು ಕೋರ್ಟಿಗೆ ಹೋದರು. ಬಳಿಕ ಅವರ ಹೆಸರೇ ಪುಟದಿಂದ ಮಾಯವಾಯಿತು. 1975ರಲ್ಲಿ, ಸಾರ್ವಜನಿಕರು ಛೀಮಾರಿ ಹಾಕಿದ ಮೇಲೆ, ಒಬ್ಬೊಬ್ಬರಿಗೆ ವರ್ಷಕ್ಕೆ 20,000 ಡಾಲರಿನ ವರ್ಷಾಶನ ಗೊತ್ತಾಗಿ ಹೆಸರು ಮರಳಿ ಅಚ್ಚಾಯಿತು. ವೀರನ ಚರಿತ್ರೆಯಲ್ಲಿ ಬಿರುಕು ಬಿಟ್ಟರೆ ಪ್ರಳಯವನ್ನೇ ತರಬಲ್ಲವರಿಗೆ, ದುಡಿದವನ ಹೆಸರು ಬಿಟ್ಟುಹೋದದ್ದು ಬಿರುಕಾಗಿ ಕಾಣಲಿಲ್ಲ!

ಈಗ ನಮ್ಮ ಊರಿಗೆ ಬರೋಣ. ಬೇಲೂರಿನ ಗುಡಿ ವಿಷ್ಣುವರ್ಧನನ ಕಾಲದ್ದು, 1117. ಕೈದಾಳದ ಚೆನ್ನಕೇಶವ ಒಂದನೆಯ ನರಸಿಂಹನ ಸಾಮಂತ ಬಾಚಿದೇವನ ಕಾಲದ್ದು, 1150ರ ಸುಮಾರು. ಬೇಲೂರಿನಲ್ಲಿ ಪ್ರಾಯದ ಮಗನಿದ್ದ ಜಕಣನಿಗೆ ನಲವತ್ತೆಂದು ಹಿಡಿದರೂ ಕೈದಾಳದಲ್ಲಿ ಎಪ್ಪತ್ತು ದಾಟಿರಬೇಕು, ಅದೂ ಕೈ ಇಲ್ಲದೆ. ಇರಲಿ, ಒಪ್ಪೋಣ. ಆದರೆ ನುಗ್ಗೇಹಳ್ಳಿಯ ಲಕ್ಷ್ಮೀನರಸಿಂಹ 1246ರದು. ಬೇಲೂರಿನಿಂದಾಚೆಗೆ 129 ವರ್ಷ. ತುರುವೇಕೆರೆಯ ಚೆನ್ನಕೇಶವನನ್ನು ಕಟ್ಟಿಸಿದವನು ಸೋಮನಾಥಪುರವನ್ನು ಕಟ್ಟಿಸಿದ ಸೋಮಣ್ಣ ದಂಡನಾಯಕನೇ. ಅದು ಇನ್ನೂ ಈಚಿನದು. ಇವನ್ನೆಲ್ಲ ಜಕಣನ ಖಾತೆಗೆ ಹಾಕಬೇಕಾದರೆ ನಮಗೂ ಎರಡು ಮೂರು ಭೂಮಿಗಳು ಬೇಕಾದಾವು.

ಬೇಕಾಗಿಲ್ಲ, ಏಕೆಂದರೆ ಕಲ್ಲುಗಳೇ ಮಾತನಾಡುತ್ತವೆ. ಬೇಲೂರಿನಲ್ಲಿ ಕೆತ್ತಿದವರು ತಮ್ಮ ಕೆಲಸದ ಕೆಳಗೆ ಸಹಿ ಹಾಕಿದ್ದಾರೆ, ಯೋಧರಂತೆ ಬಿರುದುಗಳನ್ನೂ ಹೇಳಿಕೊಂಡಿದ್ದಾರೆ. ಆ ಸಹಿಗಳಲ್ಲಿ ಜಕಣನಿಲ್ಲ. ಬಳ್ಳಿಗಾವೆಯ ದಾಸೋಜನಿದ್ದಾನೆ, ಅವನ ಮಗ ಚಾವಣನಿದ್ದಾನೆ. ಅಪ್ಪ ಮಗ ಇಬ್ಬರೂ ಅಲ್ಲಿ ಮದನಿಕೆಯರನ್ನು ಕೆತ್ತಿದವರು. ಕೈ ಕಡಿಯುವ ಪಣವಿಲ್ಲದೆ ಒಂದೇ ಗುಡಿಯಲ್ಲಿ ದುಡಿದರು. ಕಥೆಯ ಅಪ್ಪ ಮಗ ಇವರ ನೆರಳೇನೋ ಎಂದು ನಮಗೆ ಅನ್ನಿಸುವುದುಂಟು. ಜಕಣಾಚಾರಿ ಎಂಬುದು ದಕ್ಷಿಣಾಚಾರ್ಯ ಎಂಬುದರ ತದ್ಭವವಿರಬೇಕೆಂದು, ಎಂದರೆ ಒಬ್ಬನ ಹೆಸರಲ್ಲ ಒಂದು ಕಸುಬಿನ ಹೆಸರೆಂದು, ಹೇಳಿದ ವಿದ್ವಾಂಸರೂ ಇದ್ದಾರೆ.

ನುಗ್ಗೇಹಳ್ಳಿ ಚನ್ನರಾಯಪಟ್ಟಣ ತಾಲ್ಲೂಕಿಗೆ ಸೇರಿದ್ದಾದರೂ ತಿಪಟೂರಿನವರಿಗೆ ನೆರೆಯೂರೇ. ಅಲ್ಲಿನ ಗುಡಿಯ ಹೊರಗೋಡೆ ಇಬ್ಬರು ಮೇಸ್ತ್ರಿಗಳ ಪಾಲಿಗೆ ಹಂಚಿಕೆಯಾಗಿತ್ತು. ದಕ್ಷಿಣದ ಮಗ್ಗುಲು ನಂದಿಯ ಬೈಚೋಜನದು, ಉತ್ತರದ ಮಗ್ಗುಲು ಮಲ್ಲಿತಮ್ಮನದು. ಮೂರ್ತಿಗಳ ಕೆಳಗೆ ಹೆಸರು ಇಂದಿಗೂ ಇದೆ. ಈ ಮಲ್ಲಿತಮ್ಮನ ಹೆಸರು ತರೀಕೆರೆ ಬಳಿಯ ಅಮೃತಾಪುರದಲ್ಲಿ, 1196ರ ಗುಡಿಯಲ್ಲಿ ಸಿಗುತ್ತದೆ. ಅರವತ್ತು ವರ್ಷಕ್ಕೂ ಮೀರಿದ ಮೇಲೆ ಸೋಮನಾಥಪುರದಲ್ಲಿ ಮತ್ತೆ ಸಿಗುತ್ತದೆ. ಒಬ್ಬನೇ ಇಷ್ಟು ಕಾಲ ಉಳಿ ಹಿಡಿದನೋ, ಅಜ್ಜನ ಹೆಸರನ್ನು ಮೊಮ್ಮಗನಿಗಿಡುವ ನಮ್ಮ ರೂಢಿಯಂತೆ ಇಬ್ಬರಿದ್ದರೋ? ಇದು ನಿಜವಾದ ಬಿರುಕು. ಇದನ್ನು ಕಥೆಯಿಂದ ಮುಚ್ಚುವುದಕ್ಕಿಂತ ತೆರೆದಿಟ್ಟು ನೋಡುವುದು ಲೇಸು. ತಿಪಟೂರು ತಾಲ್ಲೂಕಿನ ಅರಳಗುಪ್ಪೆಯ ಚೆನ್ನಕೇಶವನಲ್ಲಿ ದುಡಿದವನು ಹೊನ್ನೋಜ. ಅದೇ ಊರಿನ ಕಲ್ಲೇಶ್ವರನಂತೂ ಜಕಣನ ಕಥೆಗಿಂತ ಎರಡು ಶತಮಾನ ಹಿಂದಿನ ನೊಳಂಬರ ಕಾಲದ ಕೆಲಸ; ಅದರ ಮಾಳಿಗೆಯಲ್ಲಿ ಅಷ್ಟದಿಕ್ಪಾಲಕರ ನಡುವೆ ಕುಣಿಯುವ ಶಿವನನ್ನು ನೋಡಿ ಬಂದವರು ಕತ್ತು ನೋವನ್ನು ದೂರುವುದಿಲ್ಲ.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ರೈತ ತಿಂಗಳುಗಟ್ಟಲೆ ಅಟ್ಟದ ಮೇಲೆ ಕಾಯಿ ಕೂಡಿಟ್ಟು, ಸುಲಿದು, ಚಿಪ್ಪೊಡೆದು ತರುವ ಉಂಡೆ ಕೊಬ್ಬರಿ ಲಾರಿ ಹತ್ತಿ ಉತ್ತರ ಹಿಂದೂಸ್ಥಾನಕ್ಕೆ ಹೋದಾಗ ಎಲ್ಲವೂ 'ತಿಪಟೂರು ಕೊಬ್ಬರಿ'. ಯಾವ ಹಳ್ಳಿ, ಯಾರ ತೋಟ ಎಂದು ಕೇಳುವವರಿಲ್ಲ. ಮಾರುಕಟ್ಟೆಗೆ ಒಂದು ಮಾರ್ಕು ಅನುಕೂಲ. ಜಕಣಾಚಾರಿಯೂ ಅಂಥ ಮಾರ್ಕು. ವ್ಯತ್ಯಾಸವಿಷ್ಟೆ: ಕೊಬ್ಬರಿಯ ಮೇಲೆ ರೈತ ಹೆಸರು ಬರೆಯಲಾರ, ಮಲ್ಲಿತಮ್ಮ ಕಲ್ಲಿನ ಮೇಲೆ ಬರೆದಿದ್ದಾನೆ, ಬರೆದರೂ ನಾವು ಓದಲಿಲ್ಲ.

ಕಥೆಯನ್ನು ಬಿಡಿ ಎಂದು ನಾವು ಹೇಳುತ್ತಿಲ್ಲ. ಕೈ ಕಳೆದುಕೊಂಡ ಕೆಲಸಗಾರನಿಗೆ ಕೈ ಮರಳಿ ಬರುವ ಕಥೆಯನ್ನು ಜನ ಸುಮ್ಮನೆ ಕಟ್ಟಿಕೊಳ್ಳುವುದಿಲ್ಲ. ಶಿಲ್ಪಿಗಳಿಗೆ ಸರ್ಕಾರ ಕೊಡುವ ಪ್ರಶಸ್ತಿಗೂ ಜಕಣನ ಹೆಸರಿದೆ, ಇರಲಿ. ಆದರೆ ಕಟ್ಟಿಸಿದ ದಂಡನಾಯಕರ ವಂಶಾವಳಿಯನ್ನು ಶಾಲೆಯಲ್ಲಿ ಬಾಯಿಪಾಠ ಮಾಡಿಸಿ, ಕಟ್ಟಿದವರನ್ನೆಲ್ಲ ಒಂದು ಹೆಸರಿನಡಿ ಹೂಳುವುದು ನ್ಯಾಯವೆ? ಈ ಜಿಲ್ಲೆಯ ಶಾಸನಗಳನ್ನು ರೈಸ್ ಸಾಹೇಬರು ಅಚ್ಚು ಹಾಕಿಸಿ, 1904ರಿಂದ, ಶತಮಾನವೇ ಕಳೆದಿದೆ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ನಮ್ಮ ಸೀಮೆಯ ಗುಡಿಗಳು ಆ ಪಟ್ಟಿಯಲ್ಲಿಲ್ಲ, ಪ್ರವಾಸಿಗರ ಬಸ್ಸೂ ಇತ್ತ ಹೊರಳುವುದು ಕಡಿಮೆ. ಆದುದರಿಂದ ಇಲ್ಲಿ ಆಗಬೇಕಾದುದನ್ನು ಇಲ್ಲಿನವರೇ ಕೇಳಿ ಮಾಡಿಸಬೇಕು. ಸಹಿ ಇರುವ ಪ್ರತಿ ಮೂರ್ತಿಯ ಬಳಿ ಆ ಹೆಸರನ್ನು ಇಂದಿನ ಕನ್ನಡ ಅಕ್ಷರದಲ್ಲಿ ತೋರಿಸುವ ಫಲಕವಿರಬೇಕು. ಅರಳಗುಪ್ಪೆಯ ಬಾಗಿಲಲ್ಲಿ ಹೊನ್ನೋಜನ ಹೆಸರು ದೊಡ್ಡದಾಗಿ ಇರಬೇಕು. ಗ್ರಾಮ ಪಂಚಾಯಿತಿಗೂ ಪುರಾತತ್ವ ಇಲಾಖೆಗೂ ಇದು ದೊಡ್ಡ ಖರ್ಚಿನ ಬಾಬಲ್ಲ.

ಉಪಾಧ್ಯಾಯರಲ್ಲಿ ಒಂದು ವಿನಂತಿ. ಈ ಸಲದ ಪ್ರವಾಸಕ್ಕೆ ನುಗ್ಗೇಹಳ್ಳಿಗೆ ಹೋಗಲಿ. ಮಕ್ಕಳನ್ನು ಗೋಡೆಯ ಸುತ್ತ ಒಂದು ಸುತ್ತು ನಡೆಸಿ, ಬೈಚೋಜನ ಕೈ ಎಲ್ಲಿಗೆ ಮುಗಿಯಿತು, ಮಲ್ಲಿತಮ್ಮನ ಕೈ ಎಲ್ಲಿಂದ ಶುರುವಾಯಿತು ಎಂದು ಅವರನ್ನೇ ಕೇಳಲಿ. ಕೈದಾಳದ ಕಥೆಯನ್ನು ಬಸ್ಸಿನಲ್ಲಿ ಹೇಳಬಹುದು.