ಮನೆ ನಿಮ್ಮದು, ಕಾಗದ ಯಾರದು?

ಕಳೆದ ಮಳೆಗಾಲದಲ್ಲಿ ಹೊನ್ನಾಳಿ ತಾಲ್ಲೂಕಿನ ಒಂದು ಹಳ್ಳಿಗೆ ಹೋಗಿದ್ದೆ. ಅಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳಿದ್ದಾಳೆ. ಅವಳ ಮನೆಯ ಹಿಂಬದಿಯ ಮಣ್ಣಿನ ಗೋಡೆ ನೆನೆದು ಕುಸಿದಿತ್ತು. ಗಂಡ ತೀರಿಕೊಂಡು ಮೂರು ವರ್ಷವಾಗಿದೆ. ಎರಡು ಪುಟ್ಟ ಮಕ್ಕಳು, ವಯಸ್ಸಾದ ಅತ್ತೆ. “ಪಂಚಾಯಿತಿಯಲ್ಲಿ ಮನೆಗೆ ಅರ್ಜಿ ಕೊಡಲಿಲ್ಲವೇನಮ್ಮಾ?” ಎಂದು ಕೇಳಿದೆ. “ಸರ್ಕಾರದ ಸಾಲ ಅಂದ್ರೆ ಬಡ್ಡಿ ಅಲ್ವಾ ಆಪಾ? ನಮಗ್ಯಾಕೆ ಅಂತ ಸುಮ್ಮನಾದೆ” ಎಂದಳು.

ಪ್ರಿಯ ಸಹೋದರಿಯರೇ, ಬಡ್ಡಿಗೆ ಅಂಜುವ ಆ ಮನಸ್ಸನ್ನು ನಾನು ಗೌರವಿಸುತ್ತೇನೆ. ಆದರೆ ಸರಿಯಾಗಿ ತಿಳಿಯದೆ ಅಂಜಿ, ತನಗೆ ಸಲ್ಲಬೇಕಾದುದನ್ನೇ ಬಿಟ್ಟಳಲ್ಲ ಎಂದು ಸಂಕಟವಾಯಿತು. ಸಹಾಯಧನವೇ ಬೇರೆ, ಸಾಲವೇ ಬೇರೆ. ಹಿಂದಿನ ಆಶ್ರಯ ಯೋಜನೆಯಲ್ಲಿ ಸಾಲದ ಪಾಲೂ ಇದ್ದುದರಿಂದ ಈ ಗೊಂದಲ ನಮ್ಮ ಮನೆಗಳಲ್ಲಿ ಇನ್ನೂ ಉಳಿದಿದೆ.

2016ರಲ್ಲಿ ಇಂದಿರಾ ಆವಾಸ್ ಯೋಜನೆಯ ಜಾಗದಲ್ಲಿ ಪ್ರಧಾನಮಂತ್ರಿ ಆವಾಸ್ ಗ್ರಾಮೀಣ ಯೋಜನೆ ಬಂತು. ಬಯಲು ಸೀಮೆಯಲ್ಲಿ ಒಂದು ಮನೆಗೆ 1.20 ಲಕ್ಷ ರೂಪಾಯಿ ಕಂತುಗಳಲ್ಲಿ ಬ್ಯಾಂಕ್ ಖಾತೆಗೆ ಬರುತ್ತದೆ. ಅಡಿಗೆಮನೆ ಸೇರಿ ಕನಿಷ್ಠ 25 ಚದರ ಮೀಟರ್ ಕಟ್ಟಬೇಕು. ಮನೆ ಕಟ್ಟಿದ ಮೇಲೆ ಈ ಹಣವನ್ನು ಮರಳಿಸಬೇಕಾಗಿಲ್ಲ. ಇದು ಸಾಲದಾಗ ಬ್ಯಾಂಕಿನಿಂದ ಸಾಲ ಪಡೆಯುವ ಅವಕಾಶವೂ ಉಂಟು. ಆದರೆ ಅದು ಬಯಸಿದವರಿಗೆ ಮಾತ್ರ, ಕಡ್ಡಾಯವಲ್ಲ. ಬಡ್ಡಿಯ ಪ್ರಶ್ನೆ ಏಳುವುದು ಅಲ್ಲಿ. ಅದನ್ನು ನಿಮ್ಮೂರಿನ ಆಲಿಮರಲ್ಲಿ ಕೇಳಿ ತೀರ್ಮಾನಿಸಿರಿ. ರಾಜ್ಯದ ಬಸವ ವಸತಿ, ದೇವರಾಜ ಅರಸು ವಸತಿ ಯೋಜನೆಗಳೂ ಇವೆ. ಎರಡನೆಯದು ವಿಧವೆಯರು, ಅಂಗವಿಕಲರಂಥವರಿಗಾಗಿ. ಇವುಗಳನ್ನು ನೋಡಿಕೊಳ್ಳುವುದು 2000ದಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮ. 2025ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟವು ವಸತಿ ಯೋಜನೆಗಳಲ್ಲಿ ಅಲ್ಪಸಂಖ್ಯಾತರ ಪಾಲನ್ನು ಶೇ. 10ರಿಂದ ಶೇ. 15ಕ್ಕೆ ಏರಿಸಲು ಒಪ್ಪಿತು. ಆದರೆ ನಾವು ಗ್ರಾಮಸಭೆಗೇ ಹೋಗದಿದ್ದರೆ ಆ ಪಾಲು ಮನೆ ಬಾಗಿಲಿಗೆ ಬರುವುದೇ?

ಹಾಗಾದರೆ ಯಾವ ಮನೆ ಇದಕ್ಕೆ ಅರ್ಹ? ಮೊದಲು ನೋಡಬೇಕಾದುದು ಕಂದಾಯದ ರಸೀದಿ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಪಟ್ಟಣಗಳ ಮಿತಿಯೊಳಗೆ ಇರುವವರಿಗೆ ನಗರದ ಯೋಜನೆಗಳು. ರಸೀದಿ ಕೊಡುವುದು ಗ್ರಾಮ ಪಂಚಾಯಿತಿಯಾದರೆ ಮಾತ್ರ ನಿಮ್ಮದು ಗ್ರಾಮೀಣ ಮನೆ. ಊರಂಚಿನಲ್ಲಿ ಇರುವವರು ಇದನ್ನು ತಿಳಿಯದೆ ತಪ್ಪು ಕಚೇರಿಗೆ ಅಲೆಯುತ್ತಾರೆ. ಎರಡನೆಯದಾಗಿ, ಪಕ್ಕಾ ಮನೆ ಇರಬಾರದು. ಸರ್ಕಾರಿ ನೌಕರರಿಗೂ ಆದಾಯ ತೆರಿಗೆ ಕಟ್ಟುವವರಿಗೂ ಕೇಂದ್ರದ ಈ ಯೋಜನೆ ಇಲ್ಲ. ದುಡಿಯುವ ವಯಸ್ಸಿನ ಗಂಡಸರಿಲ್ಲದ, ಹೆಣ್ಣೇ ಯಜಮಾನಿಯಾದ ಕುಟುಂಬಕ್ಕೆ ಆದ್ಯತೆ ಇದೆ. ಮನೆ ಮಂಜೂರಾಗುವುದೂ ಸಾಮಾನ್ಯವಾಗಿ ಹೆಂಗಸಿನ ಹೆಸರಿಗೆ, ಇಲ್ಲವೇ ಗಂಡಹೆಂಡತಿಯ ಜಂಟಿ ಹೆಸರಿಗೆ.

ಮೂರನೆಯದೇ ನಾವೆಲ್ಲ ಎಡವುವ ಕಲ್ಲು, ಅಂದರೆ ಜಾಗದ ಕಾಗದ. ನನ್ನ ವಿದ್ಯಾರ್ಥಿನಿ ಟ್ರಂಕಿನಿಂದ ತೆಗೆದು ತೋರಿಸಿದ ಪತ್ರದಲ್ಲಿ ಶಿವಮೊಗ್ಗ ಜಿಲ್ಲೆ ಎಂದಿತ್ತು. 1997ರಲ್ಲಿ ದಾವಣಗೆರೆ ಜಿಲ್ಲೆಯಾಗುವವರೆಗೆ ಹೊನ್ನಾಳಿ, ಚನ್ನಗಿರಿಗಳು ಶಿವಮೊಗ್ಗಕ್ಕೂ ಜಗಳೂರು ಚಿತ್ರದುರ್ಗಕ್ಕೂ ಸೇರಿದ್ದವು. ಪತ್ರ ಹಳೆಯದಾದರೆ ಚಿಂತೆಯಿಲ್ಲ. ಆದರೆ ಅದರಲ್ಲಿದ್ದುದು ಗಂಡನಿಗಿಂತ ಮೊದಲೇ ತೀರಿಕೊಂಡ ಮಾವನ ಹೆಸರು! ಮಾವನ ಜಾಗ ತಾನಾಗಿ ಸೊಸೆಯದಾಗುವುದಿಲ್ಲ. ಶರೀಅತ್ತಿನ ಪ್ರಕಾರ ಅತ್ತೆಗೆ ಎಂಟರಲ್ಲೊಂದು ಪಾಲಿದೆ, ಉಳಿದುದರಲ್ಲಿ ಗಂಡುಮಕ್ಕಳ ಜೊತೆ ಹೆಣ್ಣುಮಕ್ಕಳಿಗೂ ಪಾಲಿದೆ. ಎಲ್ಲರೂ ಕೂತು, ಒಪ್ಪಿ, ನೋಂದಣಿ ಮಾಡಿಸಿ ಖಾತೆ ಬದಲಾಯಿಸಬೇಕು. ನಂತರ ಪಂಚಾಯಿತಿಯಲ್ಲಿ ಇ-ಸ್ವತ್ತು ನಮೂನೆ 9 ಮತ್ತು 11ಎ ಪಡೆಯಬೇಕು. ಸಾಲ ಕೇಳಿ ಬ್ಯಾಂಕಿಗೆ ಹೋದರೂ ಮೊದಲು ಕೇಳುವುದು ಇವನ್ನೇ. ಜೊತೆಗೆ ಋಣಭಾರ ಪತ್ರ ಮತ್ತು ಕಂದಾಯದ ರಸೀದಿ ಬೇಕು. ಭೂಪರಿವರ್ತನೆಯಾಗದ ಹೊಲದಲ್ಲಿ ಕಡಿಮೆ ಬೆಲೆಗೆ ಸೈಟು ಕೊಂಡವರಿಗೆ ಈ ಕಾಗದ ಸಿಗುವುದೇ ಕಷ್ಟ. ಆದ್ದರಿಂದ ಮುಂಗಡ ಕೊಡುವ ಮೊದಲೇ ನಮೂನೆ 9 ಮತ್ತು 11ಎ ತೋರಿಸಿರೆಂದು ಕೇಳಿರಿ.

ಪವಿತ್ರ ಕುರ್‌ಆನಿನ ಅತ್ಯಂತ ದೀರ್ಘ ಸೂಕ್ತ ಯಾವುದರ ಬಗ್ಗೆ ಇದೆ ಗೊತ್ತೇ? ಸಾಲದ ವ್ಯವಹಾರವನ್ನು ಸಾಕ್ಷಿ ಸಮೇತ ಬರೆದಿಡುವ ಬಗ್ಗೆ (2:282). ಬರೆದಿಡುವುದಕ್ಕೆ ಅಷ್ಟು ಮಹತ್ವವಿರುವ ಸಮುದಾಯದಲ್ಲಿ, “ನಮ್ಮನಮ್ಮಲ್ಲೇ ತಾನೆ, ಕಾಗದ ಯಾಕೆ?” ಎಂದು ಎಷ್ಟು ಮನೆಗಳು ಹಾಗೆಯೇ ಉಳಿದಿವೆ! ಕೊನೆಗೆ ಅದರ ಪೆಟ್ಟು ಬೀಳುವುದು ಒಂಟಿಯಾದ ಹೆಣ್ಣಿನ ಮೇಲೆ.

ಆ ಮನೆಯಲ್ಲಿ ಅತ್ತೆ, ನಾದಿನಿಯರು ದೊಡ್ಡ ಮನಸ್ಸು ಮಾಡಿದರು. ತಮ್ಮ ಪಾಲನ್ನು ಸ್ವಂತ ಇಚ್ಛೆಯಿಂದ ಬಿಟ್ಟುಕೊಟ್ಟರು. ಖಾತೆ ಈಗ ಅವಳ ಹೆಸರಿನಲ್ಲಿದೆ. ಫಲಾನುಭವಿಗಳ ಪಟ್ಟಿಯಲ್ಲಿ ಹೆಸರು ಇನ್ನೂ ಬಂದಿಲ್ಲ. ಕುಸಿದ ಗೋಡೆಯ ಜಾಗದಲ್ಲಿ ಈಗಲೂ ತಗಡು ನಿಂತಿದೆ. ಮುಂದಿನ ಗ್ರಾಮಸಭೆಗೆ ಅವಳೇ ಹೋಗುತ್ತಾಳೆ, ಇನ್‌ಶಾ ಅಲ್ಲಾಹ್.

ಸಹೋದರಿಯರೇ, ಈ ಪುಟ ಮಡಚಿಟ್ಟು ಇಂದೇ ನಿಮ್ಮ ಮನೆಯ ಟ್ರಂಕು ತೆರೆಯಿರಿ. ಮನೆಯ ಪತ್ರದಲ್ಲಿ ಯಾರ ಹೆಸರಿದೆ ಎಂದು ಒಮ್ಮೆ ಓದಿ ನೋಡಿ. ಓದಲು ಬಾರದಿದ್ದರೆ ಶಾಲೆಗೆ ಹೋಗುವ ಮಗಳ ಕೈಗೆ ಕೊಡಿ. ಅವಳೂ ತಿಳಿದುಕೊಳ್ಳಲಿ.